ತಿಂದದ್ದೆಲ್ಲ ಎಲ್ಲಿಗೆ ಹೋಗ್ತದೆ? ಕಾಪುವಿನ ಸಪೂರ ಟೈಲರ್ ಒಬ್ಬರ ಪ್ರಕರಣ

ರಾತ್ರಿ ಒಂಬತ್ತೂವರೆಗೆ ಲ್ಯಾಬಿನ ಹುಡುಗ ಫೋನ್ ಮಾಡಿದ. "ಡಾಕ್ಟ್ರೇ, ನೀವು ಕಳಿಸಿದ ಸ್ಯಾಂಪಲ್ ಮಷೀನಿಗೆ ಹಾಕ್ಲಿಕ್ಕೆ ಆಗುದಿಲ್ಲ. ಕಾಯಿಹಾಲಿನ ಹಾಗೆ ಉಂಟು. ಒಮ್ಮೆ ಬಂದು ನೋಡ್ತೀರಾ?"

ಲ್ಯಾಬ್ ಇರುವುದು ನನ್ನ ಕ್ಲಿನಿಕ್ಕಿನ ಕೆಳಗಿನ ಅಂಗಡಿಯಲ್ಲೇ. ಇಳಿದು ಹೋದೆ. ರಕ್ತದ ಟ್ಯೂಬನ್ನು ತಿರುಗಿಸಿ ಸ್ಟ್ಯಾಂಡಿನಲ್ಲಿ ನಿಲ್ಲಿಸಿದ್ದ. ಅಡಿಯಲ್ಲಿ ಕೆಂಪು ಗಟ್ಟಿ. ಅದರ ಮೇಲೆ ತಿಳಿ ಹಳದಿ ನೀರು ನಿಲ್ಲಬೇಕಿತ್ತು. ನಿಂತದ್ದು ಬೆಳ್ಳಗಿನ ದ್ರವ, ತೆಂಗಿನಕಾಯಿ ಅರೆದು ಹಿಂಡಿದ ಮೊದಲ ಹಾಲಿನಷ್ಟು ದಪ್ಪ. ಟ್ಯೂಬಿನ ಹಿಂದೆ ಒಂದು ಬಿಲ್ ಹಿಡಿದು ನೋಡಿದೆ. ಒಂದಕ್ಷರವೂ ಕಾಣಲಿಲ್ಲ.

"ತುಂಬ ತೋರ ಇದ್ದಾರಾ ಇವರು?" ಹುಡುಗ ಕೇಳಿದ.

ಅಲ್ಲ, ಅಲ್ಲಿಯೇ ಇತ್ತು ಸಮಸ್ಯೆ. ಘಟ್ಟದ ಮೇಲಿನ ಓದುಗರಿಗಾಗಿ ಹೇಳುತ್ತೇನೆ: ನಮ್ಮ ಕರಾವಳಿಯಲ್ಲಿ ದಪ್ಪಗಿದ್ದವರು ತೋರ, ತೆಳ್ಳಗಿದ್ದವರು ಸಪೂರ. ಆ ರಕ್ತ ಒಬ್ಬ ಸಪೂರ ಹೆಂಗಸಿನದು. ವಯಸ್ಸು 34. ಕಾಪುವಿನ ಹತ್ತಿರ ಮನೆಯಲ್ಲೇ ಟೈಲರಿಂಗ್. ಎತ್ತರ 156 ಸೆಂಟಿಮೀಟರ್, ತೂಕ 54 ಕೆ.ಜಿ. ಬಿಎಂಐ ಲೆಕ್ಕ ಹಾಕಿದರೆ 22 ಚಿಲ್ಲರೆ. ಭಾರತೀಯರಿಗೆ 23ರ ಮೇಲೆ ಹೋದರೆ ತೂಕ ಜಾಸ್ತಿ ಅನ್ನುತ್ತೇವೆ. ಆ ಲೆಕ್ಕದಲ್ಲಿ ಇವರು ಪಾಸು.

ಅವರ ಒಪ್ಪಿಗೆ ಪಡೆದು, ಗುರುತು ಸಿಗುವಂಥ ಕೆಲವು ವಿವರ ಬದಲಿಸಿ ಇದನ್ನು ಬರೆಯುತ್ತಿದ್ದೇನೆ.

ಮೆಹಂದಿ ರಾತ್ರಿಯ ಮರುದಿನ

ಮೇ ತಿಂಗಳು, ಮದುವೆ ಸೀಸನ್. ಹಿಂದಿನ ರಾತ್ರಿ ನೆಂಟರ ಮನೆಯಲ್ಲಿ ಮೆಹಂದಿ. ಕೋರಿ ರೊಟ್ಟಿ, ಕೋಳಿ ಸುಕ್ಕ, ಐಸ್‌ಕ್ರೀಮ್. ಬೆಳಿಗ್ಗೆ ಹೊಟ್ಟೆಯ ಮೇಲ್ಭಾಗದಲ್ಲಿ ನೋವು ಶುರುವಾಗಿದೆ. ಮಧ್ಯಾಹ್ನದ ಹೊತ್ತಿಗೆ ನೋವು ಬೆನ್ನಿಗೆ ದಾಟಿದೆ. ಮಲಗಿದರೆ ಜಾಸ್ತಿ, ಮುಂದೆ ಬಗ್ಗಿ ಕೂತರೆ ಸ್ವಲ್ಪ ಕಡಿಮೆ. ಗ್ಯಾಸ್ ಅಂತ ಶುಂಠಿ ಕಷಾಯ ಕುಡಿದು ಸಂಜೆಯವರೆಗೆ ತಡೆದಿದ್ದಾರೆ. ಆಮೇಲೆ ನನ್ನ ಹತ್ತಿರ ಬಂದರು. ಬೆಂಚಿನ ಮೇಲೆ ಮಂಡಿ ಮಡಚಿ ಕೂತ ರೀತಿ ನೋಡಿಯೇ ಮೇದೋಜೀರಕದ ಗ್ರಂಥಿ ಉರಿಯುತ್ತಿದೆ ಅನ್ನಿಸಿತು. ಪ್ಯಾಂಕ್ರಿಯಾಟೈಟಿಸ್.

ಕೂಡಲೇ ಉಡುಪಿಯ ಒಂದು ಆಸ್ಪತ್ರೆಗೆ ಸೇರಿಸಿದೆವು. ಸ್ಯಾಂಪಲನ್ನು ತೆಳು ಮಾಡಿ ಮತ್ತೆ ಓಡಿಸಿದಾಗ ಟ್ರೈಗ್ಲಿಸರೈಡ್, ಅಂದರೆ ರಕ್ತದಲ್ಲಿ ತಿರುಗುವ ಕೊಬ್ಬು, 2,860 ಬಂತು. ಇರಬೇಕಾದದ್ದು 150ರ ಒಳಗೆ. ಸಾವಿರ ದಾಟಿದರೆ ಪ್ಯಾಂಕ್ರಿಯಾಸ್‌ಗೆ ಅಪಾಯ ಅಂತ ಓದಿದ್ದೆವು, ಇಲ್ಲಿ ಮೂರು ಸಾವಿರದ ಹತ್ತಿರ. ಸಕ್ಕರೆ 312. ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ 10.4. ಪ್ಯಾಂಕ್ರಿಯಾಸ್ ಉರಿದಾಗ ರಕ್ತದಲ್ಲಿ ಏರುವ ಕಿಣ್ವಗಳು ಎರಡು, ಲೈಪೇಸ್ ಮತ್ತು ಅಮೈಲೇಸ್. ಲೈಪೇಸ್ ಮೇಲಿನ ಮಿತಿಯ ಹತ್ತು ಪಟ್ಟಿಗಿಂತ ಜಾಸ್ತಿ. ಅಮೈಲೇಸ್ ಮಾತ್ರ ಮಾಮೂಲಿ. ಇದೊಂದು ಮೋಸ. ರಕ್ತದಲ್ಲಿ ಕೊಬ್ಬು ಇಷ್ಟಿದ್ದರೆ ಅಮೈಲೇಸ್ ಪರೀಕ್ಷೆ ಸುಳ್ಳು ಹೇಳುತ್ತದೆ. ಸೋಡಿಯಂ ಕೂಡ 126 ಅಂತ ತೋರಿಸಿ ಡ್ಯೂಟಿ ಡಾಕ್ಟರನ್ನು ಹೆದರಿಸಿತು. ನಿಜಕ್ಕೂ ಸೋಡಿಯಂ ಕಡಿಮೆ ಆಗಿರಲಿಲ್ಲ. ಸೀರಮ್ಮಿನ, ಅಂದರೆ ರಕ್ತದ ತಿಳಿಯ, ಜಾಗವನ್ನು ಕೊಬ್ಬು ತಿಂದಿತ್ತು, ಹಾಗಾಗಿ ಲೆಕ್ಕ ತಪ್ಪಿತ್ತು.

ಲ್ಯಾಬಿನ ಹುಡುಗನಿಗೆ ಒಂದು ಹಳೇ ಪರೀಕ್ಷೆ ಹೇಳಿಕೊಟ್ಟೆ. ಉಳಿದ ಸೀರಮ್ಮನ್ನು ರಾತ್ರಿಯಿಡೀ ಫ್ರಿಜ್ಜಿನಲ್ಲಿ ಅಲ್ಲಾಡಿಸದೆ ಇಡು ಅಂದೆ. ಬೆಳಿಗ್ಗೆ ನೋಡಿದರೆ ಮೇಲೆ ಬೆರಳು ದಪ್ಪದ ಕೆನೆ. ಕೆಳಗಿನ ಭಾಗ ಆಗಲೂ ಕಲಕಲು. ಕೆನೆಯಾಗಿ ತೇಲಿದ್ದು ಕೈಲೊಮೈಕ್ರಾನ್, ಅಂದರೆ ಹಿಂದಿನ ರಾತ್ರಿಯ ಊಟದಿಂದ ಕರುಳು ಕಟ್ಟಿ ಕಳಿಸಿದ ಕೊಬ್ಬು. ಕೆಳಗೆ ಕಲಕಲಾಗಿ ಉಳಿದದ್ದು ವಿಎಲ್‌ಡಿಎಲ್, ಲಿವರ್ ತಾನೇ ತಯಾರಿಸಿ ಕಳಿಸಿದ್ದು. ಎರಡೂ ರಕ್ತದಲ್ಲಿ ತಿರುಗುತ್ತಾ ಇವೆ, ಎರಡಕ್ಕೂ ಇಳಿಯಲು ಜಾಗ ಇಲ್ಲ. ಆವತ್ತು ನನಗೆ ಇಷ್ಟು ಹೊಳೆದಿರಲಿಲ್ಲ. ಸುಮ್ನೆ ಕೆನೆ ನೋಡಿ ಬೆರಗಾಗಿದ್ದೆ, ಅಷ್ಟೇ.

ಚಿಕಿತ್ಸೆ ಸರಳ. ಬಾಯಿಗೆ ಏನೂ ಇಲ್ಲ, ಡ್ರಿಪ್, ನೋವಿಗೆ ಔಷಧಿ, ಜೊತೆಗೆ ಇನ್ಸುಲಿನ್. ಇನ್ಸುಲಿನ್ ಸಕ್ಕರೆಗೆ ಮಾತ್ರ ಅಲ್ಲ. ಕೊಬ್ಬಿನ ಜೀವಕೋಶಗಳು ಲೈಪೊಪ್ರೋಟೀನ್ ಲೈಪೇಸ್ ಅನ್ನುವ ಪ್ರೋಟೀನನ್ನು ತಯಾರಿಸಿ ಹತ್ತಿರದ ಸಣ್ಣ ರಕ್ತನಾಳಗಳ ಗೋಡೆಗೆ ಕಳಿಸುತ್ತವೆ. ಅದು ಅಲ್ಲಿ ಹಮಾಲಿಯ ಹಾಗೆ ನಿಂತಿರುತ್ತದೆ. ತೇಲಿ ಬರುವ ಕೊಬ್ಬಿನ ಉಂಡೆಗಳನ್ನು ಒಡೆದು, ಒಳಗಿನ ಕೊಬ್ಬಿನಾಮ್ಲವನ್ನು ಜೀವಕೋಶಕ್ಕೆ ಇಳಿಸುತ್ತದೆ. ಇನ್ಸುಲಿನ್ ಈ ಹಮಾಲಿಗಳ ಸಂಖ್ಯೆ ಹೆಚ್ಚಿಸುತ್ತದೆ. ನಾಲ್ಕನೇ ದಿನಕ್ಕೆ ಟ್ರೈಗ್ಲಿಸರೈಡ್ 690ಕ್ಕೆ ಇಳಿಯಿತು. ನೋವು ಹೋಯಿತು. ಗಂಜಿ ನೀರು ಶುರು ಮಾಡಿದೆವು.

ನಾನು ಮೂರು ವರ್ಷ ನೋಡಿಯೂ ನೋಡದ್ದು

ಇವರು ನನಗೆ ಹೊಸಬರಲ್ಲ. ಮೂರು ವರ್ಷದಿಂದ ಜ್ವರ, ಕೆಮ್ಮು, ಮಗಳ ವಾಂತಿಭೇದಿ ಅಂತ ಬರುತ್ತಿದ್ದವರು. ಒಮ್ಮೆ ಕುತ್ತಿಗೆಯ ಹಿಂದೆ ಕಪ್ಪು ಕಟ್ಟಿದೆ ಅಂತ ತೋರಿಸಿದ್ದರು. ಮಖಮಲ್ಲಿನ ಹಾಗೆ ದಪ್ಪಗಾದ ಕಪ್ಪು ಚರ್ಮ. ಇದು ಇನ್ಸುಲಿನ್ ಸರಿ ಕೆಲಸ ಮಾಡುತ್ತಿಲ್ಲ ಅನ್ನುವುದರ ಗುರುತು ಅಂತ ನನಗೆ ಗೊತ್ತಿತ್ತು. ಆದರೆ ಬಾಯಿಂದ ಬಂದದ್ದು, "ಸ್ವಲ್ಪ ತೂಕ ಇಳಿಸಿ, ಸರಿಯಾಗ್ತದೆ." ದುಂಡು ಮುಖ, ಎರಡು ಗಲ್ಲ ನೋಡಿ ಅಂದ ಮಾತು. ಕುತ್ತಿಗೆಯ ಕೆಳಗೆ ನೋಡಿರಲಿಲ್ಲ. ಅವರು ಯಾವಾಗಲೂ ಉದ್ದ ಕೈಯ ಚೂಡಿದಾರ್ ಹಾಕಿಕೊಂಡು ಬರುತ್ತಿದ್ದರು.

ಆಸ್ಪತ್ರೆಯಲ್ಲಿ ಮಾಡಿದ ಮೊದಲ ತಪ್ಪು ಇನ್ನೊಂದು. "ಡ್ರಿಂಕ್ಸ್ ಏನಾದರೂ ತಗೊಳ್ತೀರಾ?" ಅಂತ ಕೇಳಿದೆ. ಕೇಳಲೇಬೇಕಾದ ಪ್ರಶ್ನೆ, ಕೇಳಿದ ಜಾಗ ಸರಿಯಿರಲಿಲ್ಲ. ಅತ್ತೆ ಪಕ್ಕದಲ್ಲೇ ನಿಂತಿದ್ದರು. ಇವರು ಎರಡು ದಿನ ನನ್ನ ಹತ್ತಿರ ಸರಿಯಾಗಿ ಮಾತಾಡಲಿಲ್ಲ.

ಅತ್ತೆ ಮಾತ್ರ ಧಾರಾಳವಾಗಿ ಮಾತಾಡಿದರು. "ಇವಳು ಸಪೂರ ಇರುದು ನೋಡಿ ತಿನ್ನುದಿಲ್ಲ ಅಂತ ಎಣಿಸ್ಬೇಡಿ ಡಾಕ್ಟ್ರೇ. ಮೂರು ಬಟ್ಟಲು ಗಂಜಿ ಕುಡಿದು ಅರ್ಧ ಗಂಟೆಗೆ ಮತ್ತೆ ಹಸಿವು ಅಂತಾಳೆ. ತಿಂದದ್ದೆಲ್ಲ ಎಲ್ಲಿಗೆ ಹೋಗ್ತದೆ ಅಂತ ನಂಗೆ ಅರ್ಥ ಆಗುದಿಲ್ಲ."

ಹಾಸ್ಯಕ್ಕೆ ಹೇಳಿದ್ದು. ಆದರೆ ಇಡೀ ಪ್ರಕರಣದಲ್ಲಿ ಯಾರಾದರೂ ಕೇಳಿದ ಅತಿ ಒಳ್ಳೆಯ ಪ್ರಶ್ನೆ ಅದು. ನಾವು ಡಾಕ್ಟರುಗಳು ಎಷ್ಟು ತಿಂತೀರಿ, ಏನು ತಿಂತೀರಿ ಅಂತ ಕೇಳುತ್ತೇವೆ. ಎಲ್ಲಿಗೆ ಹೋಗ್ತದೆ ಅಂತ ಕೇಳುವುದಿಲ್ಲ.

ಐದನೇ ದಿನ ಡ್ರಿಪ್ ತೆಗೆದು ಚರ್ಮದಡಿ ಇನ್ಸುಲಿನ್‌ಗೆ ಬದಲಿಸಿದಾಗ ಲೆಕ್ಕ ಎಡವಿತು. 54 ಕೆ.ಜಿ.ಯ ಹೆಂಗಸಿಗೆ ಸಾಧಾರಣ ಮೂವತ್ತು, ನಲವತ್ತು ಯೂನಿಟ್ ಸಾಕು. ಇವರಿಗೆ ದಿನಕ್ಕೆ 120 ಯೂನಿಟ್ ಕೊಟ್ಟರೂ ಸಕ್ಕರೆ ಇನ್ನೂರರ ಕೆಳಗೆ ಬರುವುದಿಲ್ಲ. ನೂರು ಕೆ.ಜಿ. ತೂಗುವವರಲ್ಲೂ ದಿನಾ ಕಾಣುವ ಸಂಗತಿ ಅಲ್ಲ ಇದು. ಮುಖ ದುಂಡಗಿದೆಯಲ್ಲ, ಕಾರ್ಟಿಸೋಲ್ ಹಾರ್ಮೋನು ಜಾಸ್ತಿಯಾಗಿ ಬರುವ ಕುಶಿಂಗ್ ಕಾಯಿಲೆ ಇರಬಹುದಾ ಅಂತ ಅದನ್ನೂ ನೋಡಿದೆವು. ಸರಿಯಾಗಿತ್ತು.

ಅಳತೆ ಪುಸ್ತಕ

ಆರನೇ ದಿನ ಬೆಳಿಗ್ಗೆ ರೌಂಡ್ಸಿನಲ್ಲಿ ನಾನು ಮಾಮೂಲಿ ಭಾಷಣ ಶುರು ಮಾಡಿದೆ. ಮೈಯ ಕೊಬ್ಬು ಕರಗಿಸಬೇಕು, ವಾಕಿಂಗ್ ಹೋಗಬೇಕು ಇತ್ಯಾದಿ. ಅವರಿಗೆ ಸಿಟ್ಟು ಬಂತು.

"ಯಾವ ಕೊಬ್ಬು? ನನ್ನ ಕಾಲಲ್ಲಿ ಎಂತ ಉಂಟು ಕರಗಿಸ್ಲಿಕ್ಕೆ?" ಅಂತ ನೈಟಿಯನ್ನು ಮಂಡಿಯವರೆಗೆ ಎತ್ತಿದರು.

ಕಾಲಿನ ನರಗಳು ಹಗ್ಗದ ಹಾಗೆ ಉಬ್ಬಿದ್ದವು. ಮೀನಖಂಡದ ಸ್ನಾಯು ಎರಡು ಹೋಳಾಗಿ ಎದ್ದು ಕಾಣುತ್ತಿತ್ತು, ಕಬಡ್ಡಿ ಆಟಗಾರನ ಕಾಲಿನ ಹಾಗೆ. ಶಾಲೆಯಲ್ಲಿ "ಗಂಡುಕಾಲು" ಅಂತ ಕರೆಯುತ್ತಿದ್ದರಂತೆ. ಉದ್ದದ ಬಟ್ಟೆ ಹಾಕುವುದು ಆಗಿನಿಂದ. ನರ್ಸನ್ನು ಜೊತೆಗಿಟ್ಟುಕೊಂಡು ತೊಡೆಯ ಮುಂಭಾಗ ಚಿವುಟಿ ನೋಡಿದೆ. ಚರ್ಮ ಮಾತ್ರ ಕೈಗೆ ಬಂತು, ಅದರಡಿ ಇರಬೇಕಾದ ಮೆತ್ತೆ ಇರಲಿಲ್ಲ. ಕ್ಯಾಲಿಪರ್‌ನಲ್ಲಿ 7 ಮಿಲಿಮೀಟರ್. ಹೆಂಗಸರಲ್ಲಿ ಅಲ್ಲಿ 22ಕ್ಕಿಂತ ಕಡಿಮೆ ಇದ್ದರೆ ಅನುಮಾನ ಪಡಬೇಕು.

"ಇದು ಹುಟ್ಟುವಾಗಲೇ ಹೀಗಾ?" ಕೇಳಿದೆ.

"ಅಲ್ಲ. ಬೇಕಾದ್ರೆ ನನ್ನ ಅಳತೆ ಪುಸ್ತಕ ತರಿಸ್ತೇನೆ."

ಮರುದಿನ ಗಂಡ ತಂದುಕೊಟ್ಟರು. ಕೆಂಪು ಬೈಂಡಿನ ಉದ್ದ ಪುಸ್ತಕ, ಮೂಲೆಗಳಲ್ಲಿ ಸೀಮೆಸುಣ್ಣದ ಹುಡಿ, ನಡುವೆ ಒಂದು ಲೈನಿಂಗ್ ಬಟ್ಟೆಯ ತುಂಡು. 13ನೇ ವಯಸ್ಸಿಗೆ ಚಿಕ್ಕಮ್ಮನ ಹತ್ತಿರ ಹೊಲಿಗೆ ಕಲಿಯಲು ಕೂತಾಗ ಮೊದಲು ಬರೆದದ್ದು ತನ್ನದೇ ಅಳತೆ. ಆಮೇಲೆ ತನಗೆ ಬಟ್ಟೆ ಹೊಲಿದಾಗಲೆಲ್ಲ ಹೊಸದಾಗಿ ಬರೆದುಕೊಂಡಿದ್ದಾರೆ. 13ನೇ ವಯಸ್ಸಿಗೆ ತೊಡೆ ಸುತ್ತಳತೆ ಹದಿನೆಂಟೂವರೆ ಇಂಚು. 15ಕ್ಕೆ ಹದಿನೇಳೂಕಾಲು. 18ಕ್ಕೆ ಹದಿನಾರೂವರೆ. ಅಲ್ಲಿಂದ ಮುಂದೆ ಹೆಚ್ಚುಕಡಿಮೆ ಅಷ್ಟೇ. ಕುತ್ತಿಗೆಯದು ಉಲ್ಟಾ: ಹನ್ನೆರಡು, ಹದಿಮೂರು, ಈಗ ಹದಿನಾಲ್ಕೂವರೆ. ಹೆಣ್ಣುಮಕ್ಕಳಿಗೆ ತೊಡೆ ತುಂಬಿಕೊಳ್ಳುವ ವಯಸ್ಸಿನಲ್ಲೇ ಇವರ ತೊಡೆ ಇಳಿದಿದೆ.

"ಇಬ್ಬರ ಅಳತೆ ಒಬ್ಬರ ಪುಟದಲ್ಲಿ ಬರೆದ ಹಾಗೆ ಉಂಟು ನೋಡಿ," ಅಂದರು. "ಮೇಲೊಬ್ಬರು, ಕೆಳಗೊಬ್ಬರು."

ಇಷ್ಟು ಚೆನ್ನಾಗಿ ಈ ಕಾಯಿಲೆಯನ್ನು ಯಾವ ಪಠ್ಯಪುಸ್ತಕವೂ ನನಗೆ ಹೇಳಿಕೊಟ್ಟಿಲ್ಲ.

ಇದಕ್ಕೆ ಫೆಮಿಲಿಯಲ್ ಪಾರ್ಷಿಯಲ್ ಲಿಪೊಡಿಸ್ಟ್ರೊಫಿ ಅಂತ ಹೆಸರು. ಕುಟುಂಬದಲ್ಲಿ ಹರಿದು ಬರುತ್ತದೆ. ಮೈನೆರೆಯುವ ಹೊತ್ತಿಗೆ ಕೈಕಾಲು, ಪೃಷ್ಠದ ಕೊಬ್ಬು ಮಾಯವಾಗುತ್ತದೆ. ಮುಖ, ಕುತ್ತಿಗೆಯಲ್ಲಿ ಜಾಸ್ತಿಯಾಗುತ್ತದೆ. ಗ್ಲಾಸ್ಗೋದ ಡನಿಗನ್ ಅನ್ನುವ ವೈದ್ಯರು 1974ರಲ್ಲಿ ಸ್ಕಾಟ್ಲೆಂಡಿನ ಕುಟುಂಬಗಳಲ್ಲಿ ಇದನ್ನು ಗುರುತಿಸಿ ಬರೆದರು. ಗಂಡಸರಿಗೂ ಬರುತ್ತದೆ, ಆದರೆ ಸಪೂರ ಕಾಲಿನ ಗಂಡಸನ್ನು ಯಾರೂ ತಿರುಗಿ ನೋಡುವುದಿಲ್ಲ ಅಲ್ವಾ? ಹಾಗಾಗಿ ಸಿಕ್ಕಿ ಬೀಳುವುದು ಹೆಂಗಸರೇ.

ಅಕ್ಕಿ ಮುಡಿಯ ಲೆಕ್ಕ

ಅವರಿಗೂ ಗಂಡನಿಗೂ ಅತ್ತೆಗೂ ಇದನ್ನು ಹೇಗೆ ಹೇಳುವುದು ಅಂತ ಯೋಚಿಸಿದೆ. ಅತ್ತೆ ಬೇಸಾಯದ ಮನೆಯವರು. ಅಕ್ಕಿ ಮುಡಿಯಿಂದಲೇ ಶುರು ಮಾಡಿದೆ.

ಮುಡಿ ನೋಡದವರಿಗೆ: ಅಕ್ಕಿಯನ್ನು ಬೈಹುಲ್ಲಿನಲ್ಲಿ ಸುತ್ತಿ, ಹುಲ್ಲಿನ ಹಗ್ಗದಲ್ಲಿ ಬಿಗಿದು, ಬಡಿದು ಬಡಿದು ಉಂಡೆ ಮಾಡಿ ಇಡುತ್ತಾರೆ. ನಮ್ಮ ತುಳುನಾಡಿನ ಹಳೇ ಪದ್ಧತಿ. ಒಳ್ಳೆಯ ಮುಡಿಯಲ್ಲಿ ಅಕ್ಕಿ ವರ್ಷಗಟ್ಟಲೆ ಇರುತ್ತದೆ. ಹುಳ ಇಲ್ಲ, ತೇವ ಇಲ್ಲ.

ಕೊಬ್ಬಿನ ಜೀವಕೋಶದ ಒಳಗೂ ಅಂಥದೇ ಒಂದು ಮುಡಿ ಇದೆ. ಅದು ಕೊಬ್ಬಿನ ಹನಿ. ಅದರ ಸುತ್ತ ಬೈಹುಲ್ಲಿನ ಹಾಗೆ ಸುತ್ತಿಕೊಂಡಿರುವ ಪ್ರೋಟೀನಿನ ಹೆಸರು ಪೆರಿಲಿಪಿನ್. ಅಮೆರಿಕದ ಲೊಂಡೋಸ್ ಎಂಬುವರ ತಂಡ 1991ರಲ್ಲಿ ಇದನ್ನು ವಿವರಿಸಿತು. ಅಲ್ಲಿಯವರೆಗೆ ಕೊಬ್ಬಿನ ಹನಿ ಅಂದರೆ ಜೀವಕೋಶದಲ್ಲಿ ಸುಮ್ನೆ ಬಿದ್ದಿರುವ ಎಣ್ಣೆ ಅನ್ನುವ ಭಾವನೆ ಇತ್ತು. ಉಂಡ ಮೇಲೆ ಇನ್ಸುಲಿನ್ ಏರಿದಾಗ ಈ ಹೊದಿಕೆ ಬಿಗಿಯಾಗಿರುತ್ತದೆ. ಉಪವಾಸ ಇದ್ದಾಗ, ಓಡಿದಾಗ ಅಡ್ರಿನಲಿನ್ ಬಂದು ಹಗ್ಗ ಸಡಿಲಿಸುತ್ತದೆ. ಪೆರಿಲಿಪಿನ್‌ಗೆ ಫಾಸ್ಫೇಟ್ ಅಂಟಿಕೊಳ್ಳುತ್ತದೆ, ಅದು ಇಷ್ಟು ಹೊತ್ತು ಹಿಡಿದಿಟ್ಟಿದ್ದ ಒಂದು ಸಹಾಯಕ ಪ್ರೋಟೀನನ್ನು ಬಿಡುತ್ತದೆ. ಆಗ ಅಕ್ಕಿ ಅಳೆದು ಕೊಡುವವರು, ಅಂದರೆ ಕೊಬ್ಬು ಒಡೆಯುವ ಕಿಣ್ವಗಳು, ಕೆಲಸಕ್ಕಿಳಿಯುತ್ತಾರೆ. ಮೊದಲ ಅಳತೆ ಎಟಿಜಿಎಲ್ ಅನ್ನುವ ಕಿಣ್ವದ್ದು, ಎರಡನೆಯದು ಎಚ್‌ಎಸ್‌ಎಲ್‌ನದು. ಎಚ್‌ಎಸ್‌ಎಲ್ 1960ರ ದಶಕದಿಂದಲೇ ಗೊತ್ತಿತ್ತು. ಎಲ್ಲ ಕೆಲಸ ಅದರದ್ದೇ ಅಂತ ನಾಲ್ಕು ದಶಕ ನಂಬಿದ್ದರು. ಎಟಿಜಿಎಲ್ ಸಿಕ್ಕಿದ್ದು 2004ರಲ್ಲಿ.

ಇಷ್ಟು ಕೇಳಿ ಅತ್ತೆ, "ಹಾಗಾದ್ರೆ ಇವಳ ಮುಡಿ ಒಡೆದಿದೆಯಾ?" ಅಂದರು.

ಕೆಲವು ಕುಟುಂಬಗಳಲ್ಲಿ ಹಾಗೇ ಆಗುತ್ತದೆ. ಪೆರಿಲಿಪಿನ್ ವಂಶವಾಹಿಯಲ್ಲೇ ದೋಷವಿದ್ದು ಇದೇ ಥರದ ಲಿಪೊಡಿಸ್ಟ್ರೊಫಿ ಬರುತ್ತದೆ ಅಂತ 2011ರಲ್ಲಿ ಗೊತ್ತಾಯಿತು. ಹೊದಿಕೆ ಸರಿ ಕೂರುವುದಿಲ್ಲ, ಅಕ್ಕಿ ಸದಾ ಸೋರುತ್ತಿರುತ್ತದೆ. ಆದರೆ ಇವರ ಕತೆ ಬೇರೆ. ರಕ್ತವನ್ನು ವಂಶವಾಹಿ ಪರೀಕ್ಷೆಗೆ ಕಳಿಸಿದ್ದೆವು, ಐದು ವಾರಕ್ಕೆ ರಿಪೋರ್ಟ್ ಬಂತು. ದೋಷ ಇದ್ದದ್ದು ಎಲ್‌ಎಂಎನ್‌ಎ ವಂಶವಾಹಿಯಲ್ಲಿ. 482ನೇ ಸ್ಥಾನದಲ್ಲಿ ಆರ್ಜಿನಿನ್ ಇರಬೇಕಾದಲ್ಲಿ ಟ್ರಿಪ್ಟೊಫಾನ್. ಡನಿಗನ್ ನೋಡಿದ ಕಾಯಿಲೆಗೆ ಈ ವಂಶವಾಹಿಯೇ ಕಾರಣ ಅಂತ 2000ದಲ್ಲಿ ಪತ್ತೆಯಾಯಿತು, ಅದರಲ್ಲೂ 482 ಅತಿ ಹೆಚ್ಚು ಕಾಣುವ ಜಾಗ.

ಎಲ್‌ಎಂಎನ್‌ಎ ತಯಾರಿಸುವ ಲ್ಯಾಮಿನ್ ಅನ್ನುವ ಪ್ರೋಟೀನ್ ಕೊಬ್ಬಿನದ್ದೇ ಅಲ್ಲ. ಜೀವಕೋಶದ ನ್ಯೂಕ್ಲಿಯಸ್ಸಿಗೆ ಒಳಗಿಂದ ಆಧಾರ ಕೊಡುವ ಚೌಕಟ್ಟು ಅದು, ಮಾಡಿಗೆ ಪಕ್ಕಾಸು ಇದ್ದ ಹಾಗೆ. ಇದೇ ವಂಶವಾಹಿಯ ಬೇರೆ ಜಾಗದಲ್ಲಿ ಅಕ್ಷರ ತಪ್ಪಿದರೆ ಮಕ್ಕಳಿಗೆ ಮುದಿತನ ಬರುವ ಪ್ರೊಜೀರಿಯಾ. ಇನ್ನೊಂದು ಕಡೆ ತಪ್ಪಿದರೆ ಸ್ನಾಯು ಕ್ಷೀಣಿಸುವ ಕಾಯಿಲೆ, ಹೃದಯದ ಬಡಿತ ತಪ್ಪುವ ಕಾಯಿಲೆ. 482ರಲ್ಲಿ ತಪ್ಪಿದರೆ ಹೊಸ ಕೊಬ್ಬಿನ ಜೀವಕೋಶಗಳು ಸರಿಯಾಗಿ ಬೆಳೆಯುವುದಿಲ್ಲ. ಅತ್ತೆಗೆ ಹೇಳಿದ್ದು ಇಷ್ಟೇ: "ಮುಡಿ ಒಡೆದಿಲ್ಲ, ಮುಡಿ ಕಟ್ಟುವವರೇ ಇಲ್ಲ. ಗದ್ದೆಯಲ್ಲಿ ಬೆಳೆ ಮಾತ್ರ ಎಲ್ಲರ ಹಾಗೇ ಬರ್ತಾ ಉಂಟು."

ಹಾಗಾದರೆ ಆ ಅಕ್ಕಿ ಎಲ್ಲಿಗೆ ಹೋಗ್ತದೆ? ಅಂಗಳದಲ್ಲಿ ಚೆಲ್ಲುತ್ತದೆ. ಒಂದಷ್ಟು ರಕ್ತದಲ್ಲೇ ತಿರುಗುತ್ತದೆ, ಅದೇ ಕಾಯಿಹಾಲು. ಒಂದಷ್ಟು ಲಿವರಿನಲ್ಲಿ ಕೂರುತ್ತದೆ. ಸ್ಕ್ಯಾನಿಂಗಿನಲ್ಲಿ ಅವರ ಲಿವರ್ ಬೆಳ್ಳಗೆ ಹೊಳೆಯುತ್ತಿತ್ತು. ಇನ್ನೊಂದಷ್ಟು ಸ್ನಾಯುವಿನೊಳಗೆ ಸೇರಿ, ಇನ್ಸುಲಿನ್ ಹೇಳಿದ ಮಾತು ಸ್ನಾಯುವಿಗೆ ಕೇಳದ ಹಾಗೆ ಮಾಡುತ್ತದೆ. 120 ಯೂನಿಟ್ಟಿನ ಗುಟ್ಟು ಅಲ್ಲಿದೆ.

ಹಸಿವಿನ ಗುಟ್ಟೂ ಇದಕ್ಕೇ ಕಟ್ಟಿಕೊಂಡಿದೆ. ಕೊಬ್ಬಿನ ಜೀವಕೋಶ ಉಗ್ರಾಣ ಮಾತ್ರ ಅಲ್ಲ, ಉಗ್ರಾಣದ ಲೆಕ್ಕ ಬರೆಯುವ ಗುಮಾಸ್ತನೂ ಹೌದು. ಎಷ್ಟು ದಾಸ್ತಾನು ಇದೆ ಅಂತ ಮೆದುಳಿಗೆ ಚೀಟಿ ಕಳಿಸುತ್ತದೆ. ಆ ಚೀಟಿಯೇ ಲೆಪ್ಟಿನ್. ನ್ಯೂಯಾರ್ಕಿನ ರಾಕ್‌ಫೆಲರ್ ವಿಶ್ವವಿದ್ಯಾಲಯದಲ್ಲಿ ಜೆಫ್ರಿ ಫ್ರೀಡ್‌ಮನ್ ಅವರ ತಂಡ 1994ರಲ್ಲಿ ಇದರ ವಂಶವಾಹಿಯನ್ನು ಕಂಡುಹಿಡಿಯಿತು. ದಾಸ್ತಾನೇ ಇಲ್ಲದವರಿಂದ ಚೀಟಿ ಹೋಗುವುದೂ ಕಡಿಮೆ. ಮೆದುಳು "ಮನೆಯಲ್ಲಿ ಅಕ್ಕಿ ಮುಗಿದಿದೆ, ತಿನ್ನು" ಅಂತಲೇ ಇರುತ್ತದೆ. ಇವರ ಲೆಪ್ಟಿನ್ ಪರೀಕ್ಷೆ ಮಾಡಿಸಿದೆವು, ಕಡಿಮೆ ಇತ್ತು. ಮೂರು ಬಟ್ಟಲು ಗಂಜಿ ಹೊಟ್ಟೆಬಾಕತನ ಅಲ್ಲ ಅಂತ ಹೇಳಿದಾಗ ಅತ್ತೆ ಸೊಸೆಯ ಕಡೆ ನೋಡಿದ ನೋಟ ಬೇರೆಯೇ ಇತ್ತು. ಆವತ್ತು ನಾನು ಕೊಟ್ಟ ಅತ್ಯುತ್ತಮ ಔಷಧಿ ಅದಿರಬೇಕು.

ಹಾಗಾದರೆ ತೋರ ಇರುವವರು?

ಇದೇ ವಾರ್ಡಿನಲ್ಲಿ, ಎರಡು ಹಾಸಿಗೆ ಆಚೆ, 94 ಕೆ.ಜಿ.ಯ ಒಬ್ಬ ಹೆಂಗಸು ಕಾಲು ಮುರಿದುಕೊಂಡು ಮಲಗಿದ್ದರು. ಸಕ್ಕರೆ ಮಾಮೂಲಿ, ಟ್ರೈಗ್ಲಿಸರೈಡ್ 138. ನಮ್ಮ ಟೈಲರ್ ಅದನ್ನು ಕೇಳಿ ತಿಳಿದುಕೊಂಡು, ಅಷ್ಟು ತೋರ ಇರುವವರಿಗೆ ಏನೂ ಇಲ್ಲ, ನನಗೆ ಮಾತ್ರ ಯಾಕೆ ಅಂತ ನನ್ನನ್ನು ತರಾಟೆಗೆ ತೆಗೆದುಕೊಂಡರು. ನ್ಯಾಯವಾದ ಪ್ರಶ್ನೆ.

ಆ ಹೆಂಗಸಿನ ಕೊಬ್ಬು ಸೊಂಟ, ತೊಡೆಯಲ್ಲಿ ಚರ್ಮದಡಿ ಇತ್ತು. ಮುಡಿ ದೊಡ್ಡದು, ಆದರೆ ಬಿಗಿಯಾದದ್ದು. ಇಲಿಗಳಲ್ಲಿ ಇದನ್ನು ಎರಡೂ ದಿಕ್ಕಿನಿಂದ ತೋರಿಸಿದ್ದಾರೆ. ಮೈಯಲ್ಲಿ ಕೊಬ್ಬೇ ಇಲ್ಲದ ಹಾಗೆ ಮಾಡಿದ ಇಲಿಗಳಿಗೆ ಜೋರು ಡಯಾಬಿಟಿಸ್ ಬಂತು. ಬೇರೆ ಇಲಿಯ ಕೊಬ್ಬನ್ನು ತಂದು ಅವುಗಳ ಚರ್ಮದಡಿ ನೆಟ್ಟಾಗ ಸಕ್ಕರೆ ಇಳಿಯಿತು, ಲಿವರಿನ ಕೊಬ್ಬೂ ಕಡಿಮೆಯಾಯಿತು. ಇದು 2000ದ ಪ್ರಯೋಗ. ಇನ್ನೊಂದು 2007ರದ್ದು. ಹುಟ್ಟಾ ಲೆಪ್ಟಿನ್ ಇಲ್ಲದೆ ಬೊಜ್ಜು ಬಂದ ಇಲಿಗಳಿಗೆ ಅಡಿಪೊನೆಕ್ಟಿನ್ ಅನ್ನುವ ಇನ್ನೊಂದು ಕೊಬ್ಬಿನ ಪ್ರೋಟೀನು ಜಾಸ್ತಿ ಬರುವಂತೆ ಮಾಡಿದರು. ಅವು ಮತ್ತಷ್ಟು ಊದಿಕೊಂಡವು. ಆದರೆ ಸಕ್ಕರೆ ಸರಿಯಾಯಿತು, ಲಿವರ್ ತಿಳಿಯಾಯಿತು. ಕೊಬ್ಬೆಲ್ಲ ಲಿವರ್ ಬಿಟ್ಟು ಚರ್ಮದಡಿಗೆ ವಾಪಸು ಹೋಗಿತ್ತು.

ಹಾಗಂತ ಬೊಜ್ಜು ಒಳ್ಳೆಯದು ಅಂತ ನಾನು ಹೇಳುತ್ತಿಲ್ಲ. ಆ 94 ಕೆ.ಜಿ.ಯವರ ಮಂಡಿಯನ್ನು ಕೇಳಿದರೆ ಬೇರೆ ಉತ್ತರ ಬರುತ್ತದೆ. ಮುಡಿಗೂ ಒಂದು ಮಿತಿ ಇದೆ. ದೊಡ್ಡವರಾದ ಮೇಲೆ ನಮ್ಮ ಕೊಬ್ಬಿನ ಜೀವಕೋಶಗಳ ಸಂಖ್ಯೆ ಹೆಚ್ಚುಕಡಿಮೆ ಸ್ಥಿರ. ವರ್ಷಕ್ಕೆ ಸುಮಾರು ಹತ್ತನೇ ಒಂದು ಭಾಗ ಸಾಯುತ್ತದೆ, ಅಷ್ಟೇ ಹೊಸದು ಹುಟ್ಟುತ್ತದೆ. ಇದನ್ನು ಕಂಡುಹಿಡಿದ ದಾರಿ ವಿಚಿತ್ರ: ಅಣುಬಾಂಬು ಪರೀಕ್ಷೆಗಳಿಂದ ಗಾಳಿಗೆ ಸೇರಿದ್ದ ಕಾರ್ಬನ್-14 ಕೊಬ್ಬಿನ ಜೀವಕೋಶದಲ್ಲಿ ಎಷ್ಟಿದೆ ಅಂತ ನೋಡಿ ಅದರ ವಯಸ್ಸು ಲೆಕ್ಕ ಹಾಕಿದರು. ಜಾಸ್ತಿ ತಿಂದಾಗ ಇರುವ ಜೀವಕೋಶಗಳೇ ಉಬ್ಬುತ್ತವೆ. ಉಬ್ಬಿ ಉಬ್ಬಿ ಕೊನೆಗೆ ಇನ್ಸುಲಿನ್ ಮಾತು ಕೇಳುವುದು ಬಿಡುತ್ತವೆ, ಅಡಿಪೊನೆಕ್ಟಿನ್ ಕಡಿಮೆ ಕಳಿಸುತ್ತವೆ, ಕೊಬ್ಬಿನಾಮ್ಲ ಸೋರಲು ಶುರುವಾಗುತ್ತದೆ. ಲೆಪ್ಟಿನ್ ಚೀಟಿ ರಾಶಿ ರಾಶಿ ಹೋಗುತ್ತದೆ, ಮೆದುಳು ಓದುವುದಿಲ್ಲ. ಆಮೇಲೆ ಆಗುವುದೆಲ್ಲ ನಮ್ಮ ಟೈಲರಿಗೆ ಆದದ್ದೇ. ಒಬ್ಬರಿಗೆ ಮುಡಿ ಕಡಿಮೆ, ಇನ್ನೊಬ್ಬರಿಗೆ ಅಕ್ಕಿ ಜಾಸ್ತಿ. ಅಂಗಳದಲ್ಲಿ ಚೆಲ್ಲುವುದು ಎರಡೂ ಮನೆಯಲ್ಲಿ.

ಈ ಎರಡರ ನಡುವೆ ನಾವೆಲ್ಲ ಇದ್ದೇವೆ. ಪುಣೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಮತ್ತು ಲಂಡನ್ನಿನ ಡಾ. ಜಾನ್ ಯುಡ್ಕಿನ್ 2004ರಲ್ಲಿ ದಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ತಮ್ಮದೇ ಫೋಟೋ ಹಾಕಿಸಿದರು. ಇಬ್ಬರ ಬಿಎಂಐ ಕೂಡ 22.3. ನೋಡಲು ಇಬ್ಬರೂ ಸಪೂರವೇ. ಮೈಯ ಕೊಬ್ಬು ಅಳೆದರೆ ಯುಡ್ಕಿನ್ ಅವರದು ಶೇ. 9.1, ಯಾಜ್ಞಿಕ್ ಅವರದು ಶೇ. 21.2. ನನ್ನ ಕ್ಲಿನಿಕ್ಕಿಗೆ ಸಣ್ಣ ಕೈಕಾಲು, ಶರ್ಟಿನ ಗುಂಡಿಯ ಹತ್ತಿರ ಸಣ್ಣ ಹೊಟ್ಟೆ ಇಟ್ಟುಕೊಂಡು ಬರುವ ಬ್ಯಾಂಕಿನವರು, ಬಸ್ ಕಂಡಕ್ಟರುಗಳು ದಿನಾ ಸಿಗುತ್ತಾರೆ. "ನನಗೆ ಶುಗರಾ? ನಾನು ತೋರ ಇಲ್ವಲ್ಲ!" ಅಂತಾರೆ. ಅವರಿಗೆ ಈಗ ಟೈಲರ್ ಟೇಪ್ ತೋರಿಸುತ್ತೇನೆ. ತಕ್ಕಡಿಗಿಂತ ನನಗೆ ಅದರ ಮೇಲೆ ನಂಬಿಕೆ ಜಾಸ್ತಿ.

ಅಡುಗೆ ಮನೆಯಲ್ಲಿ ಮತ್ತು ಔಷಧಿ ಡಬ್ಬದಲ್ಲಿ

ಮೇ ತಿಂಗಳಲ್ಲೇ ಯಾಕೆ ಉಕ್ಕಿತು ಅನ್ನುವುದಕ್ಕೂ ಉತ್ತರ ಸಿಕ್ಕಿತು. ಮುಟ್ಟು ಸರಿಯಿಲ್ಲ ಅಂತ ಅದಕ್ಕೆ ಎರಡು ತಿಂಗಳ ಹಿಂದೆ ಗರ್ಭನಿರೋಧಕ ಮಾತ್ರೆ ಶುರುವಾಗಿತ್ತು. ಅದರಲ್ಲಿರುವ ಈಸ್ಟ್ರೋಜನ್ ಲಿವರಿನಿಂದ ವಿಎಲ್‌ಡಿಎಲ್ ಜಾಸ್ತಿ ಕಳಿಸುತ್ತದೆ. ಬೇರೆಯವರಿಗೆ ತೊಂದರೆ ಇಲ್ಲ, ಅವರ ಮುಡಿಯಲ್ಲಿ ಜಾಗ ಇರುತ್ತದೆ. ಇವರಿಗೆ ಕಂಠಪೂರ್ತಿ ತುಂಬಿದ ಕೊಡಕ್ಕೆ ಇನ್ನೊಂದು ಚೆಂಬು ಸುರಿದ ಹಾಗಾಯಿತು. ಕೊಟ್ಟವರ ತಪ್ಪಲ್ಲ, ಕಾಯಿಲೆಯ ಹೆಸರೇ ಯಾರಿಗೂ ಗೊತ್ತಿರಲಿಲ್ಲ. ಮಾತ್ರೆ ನಿಲ್ಲಿಸಿದೆವು.

ಊಟದ ವಿಷಯ ಕಷ್ಟದ್ದು. ಊಟದಲ್ಲಿ ಕೊಬ್ಬು ಕಡಿಮೆ, ಸಕ್ಕರೆ ಕಡಿಮೆ, ಸಣ್ಣ ಸಣ್ಣ ತುತ್ತು. ಕಾಗದದಲ್ಲಿ ಸುಲಭ. ಕಾಪುವಿನ ಅಡುಗೆ ಮನೆಯಲ್ಲಿ ಕಾಯಿ ಇಲ್ಲದೆ ಗಸಿ ಮಾಡುವುದು ಹೇಗೆ? ಒಂದು ವಾರ ಅವರು ಕಾಯಿ ಪೂರ್ತಿ ಬಿಟ್ಟರು. ಎಂಟನೇ ದಿನ ಸಿಟ್ಟಿನಿಂದ ಎರಡು ಕಾಯಿಯ ಕೋಳಿ ಗಸಿ ಮಾಡಿ ತಿಂದರಂತೆ. ಆಮೇಲೆ ಒಂದು ರಾಜಿಗೆ ಬಂದೆವು. ಮಸಾಲೆಗೆ ಕಾಯಿ ಅರ್ಧಕ್ಕಿಳಿಸಿ, ಹುರಿದ ಕೊತ್ತಂಬರಿ, ಹುಣಸೆ ಜಾಸ್ತಿ. ಬಂಗುಡೆ ಪುಳಿಮುಂಚಿಗೆ ಹೇಗೂ ಕಾಯಿ ಬೇಡ. ಫ್ರೈ ಬದಲು ಬಾಳೆಎಲೆಯಲ್ಲಿ ಬೇಯಿಸಿದ್ದು. ಬನ್ಸ್, ಗೋಳಿಬಜೆ ಬಂದ್. ಗಂಜಿ ಒಂದು ಬಟ್ಟಲು, ಜೊತೆಗೆ ಹೆಸರುಕಾಳಿನ ಪಲ್ಯ ದೊಡ್ಡ ಬಟ್ಟಲು. ಹಸಿವಿಗೆ ಇದೇ ಸ್ವಲ್ಪ ತಡೆ.

ಔಷಧಿಯಲ್ಲಿ ಮೆಟ್‌ಫಾರ್ಮಿನ್, ಫೆನೋಫೈಬ್ರೇಟ್, ಇನ್ಸುಲಿನ್. ಮೂರು ತಿಂಗಳ ಮೇಲೆ ಎಂಡೋಕ್ರೈನಾಲಜಿಸ್ಟ್ ಒಬ್ಬರ ಜೊತೆ ಮಾತಾಡಿ ಪಯೋಗ್ಲಿಟಾಜೋನ್ 15 ಮಿ.ಗ್ರಾಂ ಸೇರಿಸಿದೆವು. ಇದು ಕೊಬ್ಬಿನ ಜೀವಕೋಶ ಬೆಳೆಯಲು ಹೇಳುವ ಪಿಪಿಎಆರ್-ಗಾಮಾ ಅನ್ನುವ ಪ್ರೋಟೀನನ್ನು ಎಬ್ಬಿಸುವ ಮಾತ್ರೆ, ಅಂದರೆ ಮುಡಿ ಕಟ್ಟುವವರನ್ನು ಕೂಗಿ ಕರೆಯುವುದು. ನಮ್ಮ ದೇಶದಲ್ಲಿ 2013ರ ಜೂನ್‌ನಲ್ಲಿ ಇದನ್ನು ನಿಲ್ಲಿಸಿ, ಮರುತಿಂಗಳು ಎಚ್ಚರಿಕೆಯ ಬರಹದೊಂದಿಗೆ ಮತ್ತೆ ಬಿಟ್ಟಿದ್ದರು. ಮೈಗೆ ನೀರು ತುಂಬುತ್ತದೆ, ಮೂಳೆಗೆ ಒಳ್ಳೆಯದಲ್ಲ. ಹಾಗಾಗಿ ಎಕೋ ಮಾಡಿಸಿ, ಇಸಿಜಿ ನೋಡಿಯೇ ಶುರು ಮಾಡಿದ್ದು. ಲ್ಯಾಮಿನ್ ದೋಷ ಇರುವವರ ಹೃದಯ ಹೇಗೂ ನೋಡುತ್ತಿರಬೇಕು. ಲೆಪ್ಟಿನ್‌ನನ್ನೇ ಇಂಜೆಕ್ಷನ್ ಆಗಿ ಕೊಡುವ ಮೆಟ್ರೆಲೆಪ್ಟಿನ್‌ಗೆ ಅಮೆರಿಕದಲ್ಲಿ 2014ರಲ್ಲಿ ಒಪ್ಪಿಗೆ ಸಿಕ್ಕಿದೆ, ಅದೂ ಇಡೀ ಮೈಯ ಕೊಬ್ಬು ಹೋದವರಿಗೆ. ಅದರ ಬೆಲೆ ಕೇಳಿ ಅವರ ಗಂಡ ನಕ್ಕುಬಿಟ್ಟರು.

ಎಂಟು ತಿಂಗಳಾಯಿತು. ಟ್ರೈಗ್ಲಿಸರೈಡ್ 360. ಇನ್ಸುಲಿನ್ 120ರಿಂದ 66 ಯೂನಿಟ್. ಎಚ್‌ಬಿಎ1ಸಿ 7.8. ತೂಕ ಎರಡು ಕೆ.ಜಿ. ಜಾಸ್ತಿಯಾಗಿದೆ. ಈ ಒಂದು ಪ್ರಕರಣದಲ್ಲಿ ಅದನ್ನು ನೋಡಿ ನಾನು ಬೇಜಾರು ಮಾಡಿಕೊಳ್ಳಲಿಲ್ಲ.

ಮನೆಯವರು

ಅವರ ಅಪ್ಪ 44ನೇ ವಯಸ್ಸಿಗೆ ಹೃದಯಾಘಾತದಿಂದ ತೀರಿಕೊಂಡಿದ್ದರು. "ಒಳ್ಳೆ ಕಟ್ಟುಮಸ್ತು ಆಳು, ಕೈಕಾಲಲ್ಲಿ ಒಂದು ಚೂರು ಬೊಜ್ಜು ಇರ್ಲಿಲ್ಲ" ಅಂತ ಇಡೀ ಊರು ಅಚ್ಚರಿಪಟ್ಟಿತ್ತಂತೆ. ಈಗ ಆ ಮಾತು ಬೇರೆ ಥರ ಕೇಳಿಸುತ್ತದೆ. ಮುಂಬೈಯಲ್ಲಿರುವ ತಂಗಿಯನ್ನು ಪರೀಕ್ಷೆಗೆ ಕರೆಸಿದೆವು. ಕಾಲು ನೋಡಿದ ಕೂಡಲೇ ಗೊತ್ತಾಯಿತು. ಟ್ರೈಗ್ಲಿಸರೈಡ್ 640, ನೋವು ಇನ್ನೂ ಬಂದಿಲ್ಲ. ಅವರಿಗೆ ಬೇಗ ಸಿಕ್ಕಿದೆವು.

ಉಳಿದದ್ದು ಮಗಳು. ಒಂಬತ್ತು ವರ್ಷ. ದೋಷ ಅವಳಿಗೆ ಬಂದಿರುವ ಸಾಧ್ಯತೆ ಎರಡರಲ್ಲಿ ಒಂದು. ಮೈನೆರೆಯುವ ಮೊದಲು ಕಣ್ಣಿಗೆ ಏನೂ ಕಾಣುವುದಿಲ್ಲ. ರಕ್ತ ಪರೀಕ್ಷೆ ಮಾಡಿಸಿದರೆ ಕೆಲವೇ ವಾರದಲ್ಲಿ ತಿಳಿಯಬಹುದು. ಗಂಡ ಮಾಡಿಸುವಾ ಅಂದರು. ಇವರು ಒಪ್ಪಲಿಲ್ಲ. "ಅವಳಿಗೆ ಕೇಳುವ ಪ್ರಾಯ ಬರ್ಲಿ. ಗೊತ್ತಾದ್ರೂ ಈಗ ಮಾಡ್ಲಿಕ್ಕೆ ಇರುದು ಊಟ, ಆಟ. ಅದನ್ನು ಹೇಗೂ ಮಾಡ್ತೇವೆ." ನಾನು ವಾದ ಮಾಡಲಿಲ್ಲ. ವರ್ಷಕ್ಕೊಮ್ಮೆ ಸಕ್ಕರೆ, ಟ್ರೈಗ್ಲಿಸರೈಡ್ ನೋಡುವುದಕ್ಕೆ ಮಾತ್ರ ಒಪ್ಪಿಸಿದೆ.

ಹೋದ ವಾರ ಬಂದಾಗ ಆ ಕೆಂಪು ಬೈಂಡಿನ ಪುಸ್ತಕ ಕೈಯಲ್ಲಿತ್ತು. ಕೊನೆಯ ಪುಟಗಳಲ್ಲಿ ಮಗಳ ಹೆಸರು ಬರೆದು ಗೆರೆ ಎಳೆದಿದ್ದರು. ಕುತ್ತಿಗೆ, ಸೊಂಟ, ತೊಡೆ, ಮೀನಖಂಡ. ಪ್ರತಿ ಹುಟ್ಟುಹಬ್ಬಕ್ಕೆ ಹೊಸ ಫ್ರಾಕ್ ಹೊಲಿಯುವ ನೆಪದಲ್ಲಿ ಅಳೆಯುತ್ತಾರಂತೆ. ಮಗಳಿಗೆ ಇನ್ನೇನೂ ಗೊತ್ತಿಲ್ಲ. ಈ ವರ್ಷ ತೊಡೆ ಹದಿನಾರು ಇಂಚು. ಅದರ ಕೆಳಗೆ ಖಾಲಿ ಗೆರೆಗಳು, ಪ್ರತಿಯೊಂದರ ಎದುರೂ ಮುಂದಿನ ಇಸವಿ ಬರೆದಿಟ್ಟಿದ್ದಾರೆ.